ಫಿನೆಸ್ಸೋ, ಬೀಳಿಸುವುದೋ, ಎದುರಾಳಿಗೇ ಬಿಡುವುದೋ: ಬ್ರಿಡ್ಜ್ ಡಿಕ್ಲೇರರ್ ಮುಂದಿನ ದಾರಿಗಳು

ಮುಂಬೈಯಲ್ಲಿ ಡೊಂಬಿವಲಿಯಿಂದ ಮಾಟುಂಗಾಕ್ಕೆ ಹೋಗಲು ನನಗೆ ಎರಡು ದಾರಿ. ಸ್ಲೋ ಲೋಕಲ್ ಹಿಡಿದು ನೇರ ಹೋಗಬಹುದು. ಇಲ್ಲವೇ ಫಾಸ್ಟ್ ಹಿಡಿದು ಕುರ್ಲಾದಲ್ಲಿ ಇಳಿದು ಸ್ಲೋ ಹತ್ತಬಹುದು. ಕುರ್ಲಾದಲ್ಲಿ ಬಾಗಿಲ ತನಕ ಬರಲು ಆಗಲಿಲ್ಲ ಅಂದುಕೊಳ್ಳಿ, ದಾದರ್ ಇದ್ದೇ ಇದೆ. ಅಲ್ಲಿ ಇಳಿದು ಒಂದು ಸ್ಟೇಷನ್ ಹಿಂದಕ್ಕೆ ಬಂದರಾಯಿತು. ಹಾಗಾಗಿ ನಾನು ಫಾಸ್ಟ್ ಹಿಡಿಯುತ್ತೇನೆ. ಬೇಗ ತಲುಪುತ್ತೇನೆ ಅನ್ನುವುದಕ್ಕಿಂತ, ಮೊದಲ ಲೆಕ್ಕ ತಪ್ಪಿದರೂ ಎರಡನೆಯದು ಕೈಯಲ್ಲಿ ಉಳಿದಿರುತ್ತದೆ ಅನ್ನುವುದಕ್ಕೆ.

ಇಷ್ಟು ಬುದ್ಧಿ ರೈಲಿನಲ್ಲಿ ಇರುವ ಮನುಷ್ಯನಿಗೆ ಇಸ್ಪೀಟಿನ ಮೇಜಿನ ಮುಂದೆ ಯಾಕಿರಲಿಲ್ಲ ಅಂತ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಭಾನುವಾರ ಮಧ್ಯಾಹ್ನ ಮಾಟುಂಗಾದ ಒಂದು ಮನೆಯಲ್ಲಿ ನಾವು ನಾಲ್ವರು ಕನ್ನಡದವರು ಸೇರುತ್ತೇವೆ. ಧಾರವಾಡದ ಕಡೆಯ ಒಬ್ಬ ನಿವೃತ್ತ ಬ್ಯಾಂಕಿನವರು, ಉಡುಪಿ ಕಡೆಯ ಹೋಟೆಲ್ ಮಾಮ, ಮೈಸೂರಿನ ಟೀಚರ್, ನಾನು. ಮೆಗಾ ಬ್ಲಾಕ್ (ರಿಪೇರಿಗೆ ರೈಲು ನಿಲ್ಲಿಸುವುದು) ಇದ್ದ ದಿನ ಒಬ್ಬರಾದರೂ ತಡ. ಮೊದಲೆಲ್ಲ ಮನೆಯವರು ಇದನ್ನು ‘ಇಸ್ಪೀಟು ಚಟ’ ಅನ್ನುತ್ತಿದ್ದರು. 2018ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಡ್ಜ್ ಮೊದಲ ಸಲ ಬಂತು, ಪುರುಷರ ಜೋಡಿ ವಿಭಾಗದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಚಿನ್ನ ಗೆದ್ದರು. ಬರ್ಧನ್ ಅವರಿಗೆ ಆಗ 60 ವರ್ಷ. ಅಂದಿನಿಂದ ನಮ್ಮ ಮನೆಯಲ್ಲಿ ಅದು ‘ಆಟ’ ಆಯಿತು.

ಈ ಬರಹ ಕೂಗು, ಅಂದರೆ ಎಷ್ಟು ಟ್ರಿಕ್ ಗೆಲ್ಲುತ್ತೇವೆ ಅಂತ ಹೇಳಿ ಕಾಂಟ್ರಾಕ್ಟ್ ಗೊತ್ತುಮಾಡುವ ಹರಾಜು, ಮುಗಿದ ಮೇಲಿನದು. ಎಡಗಡೆಯವರು ಎಲೆ ಇಳಿಸಿದ್ದಾರೆ, ಡಮ್ಮಿ, ಅಂದರೆ ಎದುರಿಗಿರುವ ನಿಮ್ಮ ಜೊತೆಗಾರರ ಕೈ, ಮೇಜಿನ ಮೇಲೆ ಹರಡಿದೆ, ನೀವು ಡಿಕ್ಲೇರರ್, ಎರಡೂ ಕೈ ಆಡಿಸುವವರು. ಒಂದು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಒಂದು ಸುತ್ತು) ಕಡಿಮೆ ಇದೆ. ಅದನ್ನು ತರಲು ಎರಡು ಮೂರು ದಾರಿ ಕಾಣುತ್ತಿವೆ. ಯಾವುದು? ಎಲೆಗಳಿಗೆ ನಮ್ಮ ಹೆಸರೇ ಇಟ್ಟುಕೊಳ್ಳೋಣ: ಎಕ್ಕ, ರಾಜ, ರಾಣಿ, ಗುಲಾಮ. ಬಣ್ಣಗಳು ಇಸ್ಪೀಟು, ಆಟೀನು, ಡೈಮಂಡ್, ಕ್ಲಾವರ್.

ಮೊದಲು ಕೆಲವು ಅಂಕಿ

ಕೈಗೆ ಬರುವ 13 ಎಲೆ 63,501 ಕೋಟಿಗೂ ಜಾಸ್ತಿ ಬಗೆಯಲ್ಲಿ ಬರಬಹುದು. ಅದನ್ನೆಲ್ಲ ಯಾರೂ ಲೆಕ್ಕ ಹಾಕಲಾರರು. ಆದರೆ ಒಂದು ಬಣ್ಣದಲ್ಲಿ ಎದುರಾಳಿಗಳ ಹತ್ತಿರ ಉಳಿದ ಎಲೆ ಹೇಗೆ ಹಂಚಿರಬಹುದು ಅನ್ನುವ ಲೆಕ್ಕ ಬಾಯಿಪಾಠ ಮಾಡುವಷ್ಟು ಚಿಕ್ಕದು.

ಹೊರಗೆ ಐದು ಎಲೆ ಇದ್ದರೆ 3-2 ಆಗುವುದು ಶೇ 68, 4-1 ಆಗುವುದು ಶೇ 28, 5-0 ಶೇ 4. ಹೊರಗೆ ಆರು ಇದ್ದರೆ ಎಲ್ಲರೂ ಆಸೆಪಡುವ 3-3 ಬರೀ ಶೇ 35.5, 4-2 ಆಗುವುದು ಶೇ 48.4. ಹೊರಗೆ ನಾಲ್ಕಿದ್ದರೆ 3-1 ಶೇ 50ರ ಹತ್ತಿರ, 2-2 ಶೇ 41ರ ಹತ್ತಿರ, 4-0 ಶೇ 9.6. ಮೂರಿದ್ದರೆ 2-1 ಶೇ 78. ಬೆಸ ಸಂಖ್ಯೆ ಇದ್ದರೆ ಆದಷ್ಟು ಸರಿಯಾಗಿ ಹಂಚಿಕೊಳ್ಳುತ್ತವೆ, ಸರಿ ಸಂಖ್ಯೆ ಇದ್ದರೆ ಹೆಚ್ಚಾಗಿ ಏರುಪೇರು. ಫಿನೆಸ್, ಅಂದರೆ ಎದುರಾಳಿಯ ದೊಡ್ಡ ಎಲೆ ನಮಗೆ ಬೇಕಾದ ಕಡೆ ಇದೆ ಅಂತ ನಂಬಿ ಅದಕ್ಕಿಂತ ಚಿಕ್ಕ ಎಲೆಯಿಂದ ಟ್ರಿಕ್ ಗೆಲ್ಲಲು ನೋಡುವುದು, ಶೇ 50. ಇಷ್ಟು ಸಾಕು.

ಬ್ಯಾಂಕಿನವರು ಇದನ್ನು ಚೀಟಿಯಲ್ಲಿ ಬರೆದು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ನೋಡಿದ್ದು ನಾನು ಕಂಡಿಲ್ಲ.

ಒಂದೇ ಕೈಯಲ್ಲಿ ಮೂರು ದಾರಿ

ಮೂರು ನೋ ಟ್ರಂಪ್, ಅಂದರೆ ತುರುಫು ಇಲ್ಲದ ಆಟ, ಒಂಬತ್ತು ಟ್ರಿಕ್ ಬೇಕು. ಡಮ್ಮಿಯಲ್ಲಿ ಇಸ್ಪೀಟು 7-4-3, ಆಟೀನು ಎಕ್ಕ-ರಾಣಿ-5, ಡೈಮಂಡ್ ರಾಜ-ರಾಣಿ-6-3, ಕ್ಲಾವರ್ ಎಕ್ಕ-7-5. ನಿಮ್ಮ ಕೈಯಲ್ಲಿ ಇಸ್ಪೀಟು ಎಕ್ಕ-6, ಆಟೀನು 8-6-4-2, ಡೈಮಂಡ್ ಎಕ್ಕ-7-2, ಕ್ಲಾವರ್ ರಾಜ-ರಾಣಿ-4-3.

ಎಡಗಡೆಯವರು ಇಸ್ಪೀಟು 5 ಇಳಿಸುತ್ತಾರೆ. ಬಲಗಡೆಯಿಂದ ರಾಜ ಬರುತ್ತದೆ. ನೀವು ಒಂದು ಸಲ ಬಿಡುತ್ತೀರಿ, ಮತ್ತೆ ಇಸ್ಪೀಟು ಬಂದಾಗ ಎಕ್ಕ ಹಾಕಲೇಬೇಕು. ಎಡಗಡೆಯವರು 2 ಹಾಕಿದ್ದು ನೋಡಿದರೆ ಅವರ ಹತ್ತಿರ ಐದು ಇಸ್ಪೀಟು ಇದ್ದ ಹಾಗಿದೆ. ಅಂದರೆ ಬಲಗಡೆಯವರ ಹತ್ತಿರ ಇನ್ನೊಂದು ಉಳಿದಿದೆ. ನಿಮ್ಮ ಹತ್ತಿರ ತಡೆ ಇಲ್ಲ. ಈಗ ಒಂದು ಸಲ ಕೈ ತಪ್ಪಿದರೆ ಕಥೆ ಮುಗಿಯಿತು.

ಖಚಿತ ಟ್ರಿಕ್ ಎಣಿಸಿ. ಇಸ್ಪೀಟು 1, ಆಟೀನು 1, ಡೈಮಂಡ್ 3, ಕ್ಲಾವರ್ 3. ಒಟ್ಟು 8. ಒಂಬತ್ತನೆಯದು ಮೂರು ಕಡೆಯಿಂದ ಬರಬಹುದು. ಡೈಮಂಡ್ 3-3 ಹಂಚಿದ್ದರೆ ಡಮ್ಮಿಯ ನಾಲ್ಕನೇ ಡೈಮಂಡ್ ಗೆಲ್ಲುತ್ತದೆ. ಕ್ಲಾವರ್ 3-3 ಆದರೆ ನಿಮ್ಮ ನಾಲ್ಕನೇ ಕ್ಲಾವರ್. ಆಟೀನು ರಾಜ ಎಡಗಡೆ ಇದ್ದರೆ ರಾಣಿಯ ಫಿನೆಸ್.

ಬಿಡಿಬಿಡಿಯಾಗಿ ಹೋಲಿಸಿದರೆ ಫಿನೆಸ್ ಗೆಲ್ಲುತ್ತದೆ, ಶೇ 50. ಮಿಕ್ಕ ಎರಡೂ ಶೇ 35.5. ಹಾಗಾಗಿ ‘ಜಾಸ್ತಿ ಇರುವುದನ್ನು ಆರಿಸು’ ಅಂತ ಆಟೀನು ಎಳೆದವರು ತುಂಬ ಜನ. ನಾನೂ ಎಳೆದಿದ್ದೇನೆ. ರಾಜ ಬಲಗಡೆ ಇತ್ತು, ಇಸ್ಪೀಟು ಬಂತು, ಅವರು ಐದು ಟ್ರಿಕ್ ತೆಗೆದುಕೊಂಡರು. ಆಮೇಲೆ ನೋಡಿದರೆ ಡೈಮಂಡ್ 3-3. ಹೋಟೆಲ್ ಮಾಮ ಏನೂ ಅನ್ನಲಿಲ್ಲ, ಕಾಫಿ ಲೋಟ ಎತ್ತಿಕೊಂಡು ಕಿಟಕಿ ಹತ್ತಿರ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಯಾವುದು ದೊಡ್ಡದು ಅಂತ ಹೋಲಿಸಿದ್ದೇ ತಪ್ಪು. ಯಾವುದು ಸೋತರೆ ಆಟ ಉಳಿಯುತ್ತದೆ ಅಂತ ಹೋಲಿಸಬೇಕಿತ್ತು. ಡೈಮಂಡ್ ಮೂರು ಸುತ್ತು ಎಳೆದು ಅದು ಹಂಚಿರದಿದ್ದರೆ ನಿಮ್ಮ ಕೈ ತಪ್ಪಿಲ್ಲ. ಕ್ಲಾವರ್ ಕೂಡ ಹಾಗೆಯೇ. ಫಿನೆಸ್ ಸೋತರೆ ಮಾತ್ರ ಎಲ್ಲ ಹೋಗುತ್ತದೆ. ಅದಕ್ಕೇ ಅದು ಕೊನೆಗೆ. ಮೂರನ್ನೂ ಹೀಗೆ ಜೋಡಿಸಿದರೆ ಮೂರೂ ಕೈಕೊಡುವ ಸಾಧ್ಯತೆ ಸುಮಾರು ಶೇ 21. ಅಂದರೆ ಗೆಲುವು ಶೇ 79ರ ಹತ್ತಿರ. ಬರೀ ಕ್ರಮ ಬದಲಿಸಿದ್ದಕ್ಕೆ 50 ಇದ್ದದ್ದು 79 ಆಯಿತು.

ಇಲ್ಲಿ ಇನ್ನೊಂದು ಹಳ್ಳ ಇದೆ, ಕಣ್ಣಿಗೆ ಬೀಳುವುದಿಲ್ಲ. ಕೊನೆಗೆ ಆಟೀನನ್ನು ನಿಮ್ಮ ಕೈಯಿಂದ ಎಳೆಯಬೇಕು, ಡಮ್ಮಿಯಿಂದ ಅಲ್ಲ. ಕ್ಲಾವರ್ ಮೊದಲು ಮುಗಿಸಿ, ಆಮೇಲೆ ಡೈಮಂಡಿನಲ್ಲಿ ಎಕ್ಕ ಹಾಕಿ ರಾಜ-ರಾಣಿ ಎಳೆದರೆ ನೀವು ಡಮ್ಮಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ವಾಪಸ್ ಬರಲು ದಾರಿ ಇಲ್ಲ. ಹಾಗಾಗಿ ಡೈಮಂಡ್ ಮೊದಲು: 2 ಹಾಕಿ ರಾಜ, ಆಮೇಲೆ ರಾಣಿ, ಮೂರನೆಯದು ಎಕ್ಕಕ್ಕೆ. ನಿಮ್ಮ ಕೈಗೆ ಬಂದಿರಿ. 3-3 ಆಗಿದ್ದರೆ ಡಮ್ಮಿಯ 6 ತೆಗೆಯಲು ಆಟೀನು ಎಕ್ಕ ಇದೆ. ಆಗಿಲ್ಲವಾದರೆ ಕ್ಲಾವರ್ ಎಕ್ಕ, ಆಮೇಲೆ ರಾಜ, ರಾಣಿ. ಮತ್ತೆ ನಿಮ್ಮ ಕೈ. ಅದೂ ಇಲ್ಲ ಅಂದರೆ ಈಗ ಆಟೀನು ರಾಣಿ ಕಡೆಗೆ. ಮೂರೂ ಕೈಕೊಟ್ಟರೆ ಬರೀ ಫಿನೆಸ್ ಮಾಡಿದವರಿಗಿಂತ ಒಂದು ಜಾಸ್ತಿ ಡೌನ್ ಆಗಬಹುದು. ಆಗಲಿ ಬಿಡಿ.

ಎಂಟಾದರೆ ಬೇಕು, ಒಂಬತ್ತಾದರೆ ಬೇಡ

ಹೊಸದಾಗಿ ಕಲಿತವರೆಲ್ಲ ಮೊದಲು ಹೇಳುವ ಮಂತ್ರ ಇದು. ಒಂದು ಬಣ್ಣದಲ್ಲಿ ನಿಮ್ಮ ಎರಡೂ ಕೈ ಸೇರಿ ಎಂಟು ಎಲೆ ಇದ್ದು ರಾಣಿ ಇಲ್ಲದಿದ್ದರೆ ಫಿನೆಸ್ ಮಾಡಿ. ಒಂಬತ್ತು ಇದ್ದರೆ ಎಕ್ಕ-ರಾಜ ಎಳೆದು ರಾಣಿಯನ್ನು ಬೀಳಿಸಿ.

ಎಂಟರ ಮಾತು ಸರಿ. ಎಂಟು ಇದ್ದಾಗ ಎರಡು ಸುತ್ತಿನಲ್ಲಿ ರಾಣಿ ಬೀಳುವುದು ಶೇ 33 ಮಾತ್ರ, ಫಿನೆಸ್ ಶೇ 50ರ ಮೇಲೆ. ಯೋಚನೆಯೇ ಬೇಡ. ಒಂಬತ್ತರ ಮಾತು ಮಾತ್ರ ಬಹಳ ಬಡಾಯಿ. ಬೀಳಿಸುವುದು ಶೇ 53. ಎಕ್ಕ ಎಳೆದು ಆಮೇಲೆ ಫಿನೆಸ್ ಮಾಡುವುದು ಶೇ 51ರ ಮೇಲೆ. ವ್ಯತ್ಯಾಸ ಎರಡಕ್ಕಿಂತಲೂ ಕಡಿಮೆ! ಅಷ್ಟು ಸಣ್ಣ ಅಂತರಕ್ಕೆ ‘ಬೇಡವೇ ಬೇಡ’ ಅನ್ನುವ ಶಬ್ದ ಯಾರು ಹಾಕಿದರೋ.

ಈ ಎರಡು ಶೇಕಡವನ್ನು ಒಂದು ಸಣ್ಣ ಸುಳಿವು ತಿರುಗಿಸಿಬಿಡುತ್ತದೆ. ಆ ಸುಳಿವು ಸಾಮಾನ್ಯವಾಗಿ ಕೂಗಿನಲ್ಲೇ ಸಿಗುತ್ತದೆ. ಎಡಗಡೆಯವರು ಆರು ಇಸ್ಪೀಟು ಇದೆ ಅಂತ ಮೊದಲೇ ಕೂಗಿದ್ದಾರೆ ಅಂದುಕೊಳ್ಳಿ. ನಿಮ್ಮಲ್ಲಿ ಐದು, ಬಲಗಡೆ ಎರಡು. ಅಂದರೆ ಎಡಗಡೆಯವರ ಕೈಯಲ್ಲಿ ಬೇರೆ ಬಣ್ಣಕ್ಕೆ ಏಳು ಜಾಗ ಮಾತ್ರ, ಬಲಗಡೆಯವರಲ್ಲಿ ಹನ್ನೊಂದು. ಈಗ ಡಮ್ಮಿಯ ರಾಜ ಎಳೆಯುತ್ತೀರಿ, ಇಬ್ಬರೂ ಸಣ್ಣದು ಹಾಕುತ್ತಾರೆ. ಡಮ್ಮಿಯಿಂದ ಇನ್ನೊಂದು ಎಳೆಯುತ್ತೀರಿ, ಬಲಗಡೆಯವರು ಇನ್ನೊಂದು ಸಣ್ಣದು ಹಾಕುತ್ತಾರೆ. ನಿಮ್ಮ ಕೈಯಲ್ಲಿ ಎಕ್ಕ-ಗುಲಾಮ. ಎಡಗಡೆ ಉಳಿದ ಖಾಲಿ ಜಾಗ 6, ಬಲಗಡೆ 9. ರಾಣಿ ಬಲಗಡೆ ಇರುವುದು 15ರಲ್ಲಿ 9, ಅಂದರೆ ಶೇ 60. ಒಂಬತ್ತು ಎಲೆ ಇದ್ದರೂ ಇಲ್ಲಿ ಫಿನೆಸ್ಸೇ ಸರಿ. ಯಾರೂ ಏನೂ ಕೂಗದಿದ್ದಾಗ ಇದೇ ಲೆಕ್ಕ 12ಕ್ಕೆ 11 ಆಗುತ್ತದೆ, ಬೀಳಿಸುವ ಕಡೆ ಒಂದು ಜಾಗ ಜಾಸ್ತಿ. ಮಂತ್ರ ಹುಟ್ಟಿದ್ದೇ ಆ ಒಂದು ಜಾಗದಿಂದ.

ಹೀಗೆಯೇ ಪಾಯಿಂಟ್ ಲೆಕ್ಕ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1, ಒಟ್ಟು 40). ನಿಮ್ಮಿಬ್ಬರ ಹತ್ತಿರ 27 ಇದೆ, ಎಡಗಡೆಯವರು ಒಂದು ಬಣ್ಣ ಕೂಗಿ ಆಟ ಶುರು ಮಾಡಿದ್ದಾರೆ. ಹೊರಗೆ ಇರುವುದೇ 13. ಇಂಥಲ್ಲಿ ಬಲಗಡೆ ರಾಜ ಇದೆ ಅಂತ ಆಡುವುದು ಸುಮ್ನೆ ಆಸೆ. ಇನ್ನೊಂದು ಕಡೆಯಿಂದ ನೋಡಿ: ಬಲಗಡೆಯವರು ಮೊದಲ ಕೂಗಿನಲ್ಲೇ ಪಾಸ್ ಅಂದವರು, ಆಟದಲ್ಲಿ ಆಗಲೇ ಇಸ್ಪೀಟು ಎಕ್ಕ-ರಾಜ ಮತ್ತು ಆಟೀನು ಎಕ್ಕ ತೋರಿಸಿದ್ದಾರೆ. ಅಲ್ಲಿಗೆ 11 ಆಯಿತು. ಇನ್ನೊಂದು ರಾಜ ಇದ್ದಿದ್ದರೆ ಪಾಸ್ ಅನ್ನುತ್ತಿರಲಿಲ್ಲ ಅಲ್ವಾ? ಹಾಗಾದರೆ ಆ ರಾಜ ಇನ್ನೊಬ್ಬರ ಹತ್ತಿರ. ಇಲ್ಲಿ ಶೇ 50 ಅನ್ನುವ ಅಂಕಿಗೆ ಅರ್ಥವೇ ಇಲ್ಲ.

ರಾಣಿ ಬಿದ್ದಳು. ಗುಲಾಮ ಎಲ್ಲಿ?

ಇದು ನಮ್ಮ ಮೇಜಿನಲ್ಲಿ ಜಗಳ ಎಬ್ಬಿಸಿದ ಪ್ರಶ್ನೆ. ಡಮ್ಮಿಯಲ್ಲಿ ಎಕ್ಕ-ರಾಜ-10-9-2, ಕೈಯಲ್ಲಿ 7-6-4-3. ಹೊರಗೆ ರಾಣಿ, ಗುಲಾಮ, 8, 5. ಎಕ್ಕ ಎಳೆದಿರಿ. ಎಡಗಡೆ 5, ಬಲಗಡೆ ರಾಣಿ. ಮತ್ತೆ ಕೈಯಿಂದ ಎಳೆದಾಗ ಎಡಗಡೆ 8 ಬಂತು. 10 ಹಾಕುತ್ತೀರಾ, ರಾಜ ಹಾಕುತ್ತೀರಾ?

ಟೀಚರ್ ವಾದ ಹೀಗಿತ್ತು. ಬಲಗಡೆ ಇದ್ದದ್ದು ಒಂಟಿ ರಾಣಿ ಅಥವಾ ರಾಣಿ-ಗುಲಾಮ ಜೋಡಿ, ಎರಡೇ ಸಾಧ್ಯತೆ. ಎರಡಾಗಿ ಹಂಚುವ ಜೋಡಿಯೇ ಒಂದು ಕೂದಲು ಜಾಸ್ತಿ. ಹಾಗಾಗಿ ರಾಜ.

ಬ್ಯಾಂಕಿನವರು ಚೀಟಿ ತೆಗೆಯಲಿಲ್ಲ, ಆದರೆ ಲೆಕ್ಕ ಒಪ್ಪಿಸಿದರು. ಈ ಬಣ್ಣ 10,000 ಸಲ ಹಂಚಿದರೆ ಬಲಗಡೆ ಒಂಟಿ ರಾಣಿ ಬರುವುದು ಸುಮಾರು 622 ಸಲ. ರಾಣಿ-ಗುಲಾಮ ಜೋಡಿ ಬರುವುದು 678 ಸಲ. ಆದರೆ ಜೋಡಿ ಇದ್ದವರು ಪ್ರತಿ ಸಲ ರಾಣಿಯನ್ನೇ ಹಾಕಬೇಕು ಅಂತ ಏನಿದೆ? ಅವರಿಗೆ ಎರಡೂ ಒಂದೇ. ಅರ್ಧ ಸಲ ಗುಲಾಮ ಹಾಕಿರುತ್ತಾರೆ. ಹಾಗಾಗಿ ರಾಣಿ ಕಂಡಾಗ ಜೋಡಿಯ ಪಾಲು 339 ಮಾತ್ರ. ಒಂಟಿ ರಾಣಿಯವರಿಗೆ ಬೇರೆ ಆಯ್ಕೆ ಇರಲಿಲ್ಲ, ಅವರ 622 ಪೂರ್ತಿ ಉಳಿಯಿತು. 622ಕ್ಕೆ 339. ಅಂದರೆ 10 ಹಾಕುವವರು ಮೂರರಲ್ಲಿ ಸುಮಾರು ಎರಡು ಸಲ ಗೆಲ್ಲುತ್ತಾರೆ.

ಟೀಚರ್ ಒಪ್ಪಲಿಲ್ಲ. ‘ಬಿದ್ದ ಎಲೆ ಬಿದ್ದಾಯಿತು, ಹಾಕದೇ ಇದ್ದ ಗುಲಾಮನನ್ನು ಯಾಕೆ ಲೆಕ್ಕಕ್ಕೆ ತರ್ತೀರಿ?’ ಅಂದರು. ಒಂದು ಸಂಜೆ ಪೂರ್ತಿ ಆ ನಾಲ್ಕು ಎಲೆಯನ್ನೇ ಕಲಸಿ ಹಂಚಿ ನೋಡಿದೆವು. ಏಳೂವರೆಗೆ ಅವರು ಸೋಲೊಪ್ಪಿದರು, ಅದೂ ಲೆಕ್ಕಕ್ಕಲ್ಲ, ಹಸಿವಿಗೆ. ನನ್ನ ಮಟ್ಟಿಗೆ ಎಲ್ಲ ದಾರಿಗಳಲ್ಲೂ ಮನಸ್ಸಿಗೆ ಒಗ್ಗಲು ಜಾಸ್ತಿ ಹೊತ್ತು ಹಿಡಿದದ್ದು ಇದೇ. ಮೇಜಿನ ಮೇಲೆ ಈಗ ಯೋಚಿಸುವುದೇ ಇಲ್ಲ. ಇಂಥಲ್ಲಿ ಒಂದು ದೊಡ್ಡ ಎಲೆ ಬಿದ್ದರೆ ಇನ್ನೊಂದು ಆಚೆ ಇದೆ ಅಂತ ಆಡುತ್ತೇನೆ.

ಊಹೆಯನ್ನೇ ಎದುರಾಳಿಗೆ ದಾಟಿಸುವುದು

ಎರಡು ದಾರಿಯನ್ನು ಹೋಲಿಸುತ್ತ ಕೂತಾಗ ಕೆಲವೊಮ್ಮೆ ಸರಿಯಾದ ಉತ್ತರ ಎರಡೂ ಅಲ್ಲ.

ಆರು ಇಸ್ಪೀಟು, ಅಂದರೆ ಸ್ಲ್ಯಾಮ್: ಇಸ್ಪೀಟು ತುರುಫು, ಹನ್ನೆರಡು ಟ್ರಿಕ್ ಬೇಕು. ಡಮ್ಮಿಯಲ್ಲಿ ಇಸ್ಪೀಟು ರಾಣಿ-ಗುಲಾಮ-8-4, ಆಟೀನು ಎಕ್ಕ-5, ಡೈಮಂಡ್ ಎಕ್ಕ-ಗುಲಾಮ-4, ಕ್ಲಾವರ್ ರಾಜ-7-6-2. ನಿಮ್ಮಲ್ಲಿ ಇಸ್ಪೀಟು ಎಕ್ಕ-ರಾಜ-10-9-5-2, ಆಟೀನು 8-3, ಡೈಮಂಡ್ ರಾಜ-10-5, ಕ್ಲಾವರ್ ಎಕ್ಕ-8. ಎಡಗಡೆಯವರು ಆಟೀನು ರಾಜ ಇಳಿಸುತ್ತಾರೆ.

ಆಟೀನಿನಲ್ಲಿ ಒಂದು ಹೋಗುವುದು ಖಚಿತ. ಡೈಮಂಡ್ ರಾಣಿಗೆ ಇನ್ನೊಂದು ಹೋದರೆ ಸ್ಲ್ಯಾಮ್ ಬಿತ್ತು. ರಾಣಿಯನ್ನು ಎರಡೂ ಕಡೆಯಿಂದ ಹಿಡಿಯಬಹುದು. ಎಡಗಡೆ ಇದ್ದರೆ ಗುಲಾಮನ ಫಿನೆಸ್, ಬಲಗಡೆ ಇದ್ದರೆ 10ರ ಫಿನೆಸ್. ನಾನು ಒಂದು ಟೂರ್ನಮೆಂಟಿನಲ್ಲಿ ಇಂಥದೇ ಕೈ ಹಿಡಿದು ಐದು ನಿಮಿಷ ಎದುರಾಳಿಗಳ ಮುಖ ನೋಡಿದ್ದೇನೆ. ಎಡಗಡೆಯವರು ಗಂಟಲು ಸರಿಮಾಡಿಕೊಂಡರು. ಅವರ ಹತ್ತಿರವೇ ರಾಣಿ ಅಂತ ತೀರ್ಮಾನಿಸಿದೆ. ಅವರಿಗೆ ನೆಗಡಿ ಅಷ್ಟೇ.

ಮುಖ ನೋಡುವ ಅಗತ್ಯವೇ ಇರಲಿಲ್ಲ. ಆಟೀನು ಎಕ್ಕ ಹಾಕಿ. ತುರುಫು ಹೊರಗೆ ಮೂರು ಮಾತ್ರ ಇದೆ. ಎಕ್ಕ-ರಾಜ ಎಳೆಯಿರಿ, 2-1 ಆಗಿದ್ದರೆ ಮುಗಿಯಿತು. ಕ್ಲಾವರ್ ಎಕ್ಕ, ಆಮೇಲೆ ರಾಜ, ಮೂರನೇ ಕ್ಲಾವರನ್ನು ಕೈಯಲ್ಲಿ ತುರುಫಿನಿಂದ ಹೊಡೆಯಿರಿ. ತುರುಫಿನಲ್ಲಿ ಡಮ್ಮಿಗೆ ಹೋಗಿ ನಾಲ್ಕನೇ ಕ್ಲಾವರನ್ನೂ ಹೊಡೆಯಿರಿ. ಈಗ ನಿಮ್ಮ ಎರಡೂ ಕೈಯಲ್ಲಿ ಕ್ಲಾವರ್ ಇಲ್ಲ. ತುರುಫು ಒಂದೊಂದು, ಆಟೀನು ಒಂದೊಂದು, ಡೈಮಂಡ್ ಮೂರು ಮೂರು. ಈಗ ಆ ಆಟೀನನ್ನು ಕೊಟ್ಟುಬಿಡಿ.

ಯಾರೇ ಗೆಲ್ಲಲಿ, ಅವರು ಸಿಕ್ಕಿಹಾಕಿಕೊಂಡರು. ಡೈಮಂಡ್ ಎಳೆದರೆ ಅವರ ನಂತರದ ಕೈಯಿಂದ (ಡಮ್ಮಿಯಾಗಲಿ, ನಿಮ್ಮದಾಗಲಿ) ಸಣ್ಣದು ಹಾಕಿ ಸುಮ್ಮನಿರಿ, ರಾಣಿ ಎಲ್ಲೇ ಇದ್ದರೂ ನಿಮಗೆ ಮೂರು ಟ್ರಿಕ್. ಆಟೀನು ಅಥವಾ ಕ್ಲಾವರ್ ಎಳೆದರೆ ಡಮ್ಮಿಯಲ್ಲಿ ತುರುಫು ಹೊಡೆದು ಕೈಯಿಂದ ಡೈಮಂಡ್ 5 ಎಸೆಯಿರಿ. ಆಮೇಲೆ ರಾಜ, ಎಕ್ಕ, ಮೂರನೇ ಡೈಮಂಡಿಗೆ ನಿಮ್ಮ ಕೊನೆಯ ತುರುಫು. ಶೇ 50ರ ಊಹೆ ಹೋಗಿ ಖಚಿತ ಗೆಲುವು ಬಂತು. ಎದುರಾಳಿಗೇ ಎಳೆಯಲು ಬಿಡುವ ಈ ಆಟಕ್ಕೆ ಎಲಿಮಿನೇಷನ್ ಅನ್ನುತ್ತಾರೆ.

ತುರುಫು 3-0 ಆಗಿದ್ದರೆ? ಅದು ಶೇ 22 ಇದೆ, ಕಡೆಗಣಿಸುವ ಹಾಗಿಲ್ಲ. ಎಕ್ಕ ಎಳೆದಾಗಲೇ ಗೊತ್ತಾಗುತ್ತದೆ. ಆಗ ಉಳಿದ ತುರುಫನ್ನು ಒಟ್ಟಿಗೆ ಎಳೆಯಬೇಡಿ, ಡಮ್ಮಿಗೆ ಹೋಗುವ ದಾರಿಯಾಗಿ ಬಳಸಿ. ಕ್ಲಾವರ್ ಎಕ್ಕ, ರಾಜ, ಒಂದನ್ನು ಎತ್ತರದ ತುರುಫಿನಿಂದ ಹೊಡೆದು, ರಾಣಿಗೆ ಹೋಗಿ, ಇನ್ನೊಂದನ್ನು ಹೊಡೆದು, ಗುಲಾಮನಿಗೆ ಹೋಗಿ. ಹೊರಗಿರುವುದು 7-6-3, ನಿಮ್ಮ 10 ಮತ್ತು 9ರ ಮೇಲೆ ಅವರು ಹೊಡೆಯಲಾರರು. ಕೊನೆಗೆ ಮತ್ತೆ ಎರಡೂ ಕಡೆ ಒಂದೊಂದು ತುರುಫು ಉಳಿಯುತ್ತದೆ.

ಈ ದಾರಿ ಇದೆಯೋ ಇಲ್ಲವೋ ಅಂತ ತಿಳಿಯಲು ನಾನು ನೋಡುವುದು ಇಷ್ಟೇ: ಎರಡೂ ಕೈಯಲ್ಲಿ ತುರುಫು ಉಳಿಯುತ್ತದಾ, ಪಕ್ಕದ ಬಣ್ಣಗಳನ್ನು ಎರಡೂ ಕೈಯಿಂದ ಖಾಲಿ ಮಾಡಬಹುದಾ, ಹೇಗೂ ಹೋಗಬೇಕಾದ ಒಂದು ಟ್ರಿಕ್ ಕೊಡಲು ಇದೆಯಾ. ಹೇಗೂ ಸೋಲುವ ಆ ಆಟೀನನ್ನು ನಾವೆಲ್ಲ ಶನಿಯ ಹಾಗೆ ನೋಡುತ್ತೇವೆ. ಈ ಕೈಯಲ್ಲಿ ಬಾಗಿಲು ತೆರೆಯುವುದು ಅದೇ.

ಜೋಡಿ ಆಟವೋ, ತಂಡದ ಆಟವೋ?

ಕೆಲವು ಕೈಗಳಲ್ಲಿ ಎಲೆ ನೋಡಿ ತೀರ್ಮಾನ ಆಗುವುದಿಲ್ಲ, ಅಂಕ ಹೇಗೆ ಕೊಡುತ್ತಾರೆ ಅನ್ನುವುದು ನೋಡಬೇಕು. ಇದರ ಮೂಲ ಹಳೆಯದು. 1925ರಲ್ಲಿ ಹೆರಾಲ್ಡ್ ವಾಂಡರ್‌ಬಿಲ್ಟ್ ಒಂದು ಹಡಗಿನ ಪ್ರಯಾಣದಲ್ಲಿ ಈಗಿನ ಕಾಂಟ್ರಾಕ್ಟ್ ಬ್ರಿಡ್ಜ್‌ನ ಅಂಕಪದ್ಧತಿಯನ್ನು ಹೊಂದಿಸಿದರು. ಕೂಗಿದಷ್ಟಕ್ಕೆ ಮಾತ್ರ ಗೇಮ್ ಅಂಕ, ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸ್ಥಿತಿ) ಆದರೆ ಏಟು ಜಾಸ್ತಿ. ಕಾಂಟ್ರಾಕ್ಟ್ ಬೀಳುವುದಕ್ಕೂ ಒಂದು ಟ್ರಿಕ್ ಜಾಸ್ತಿ ಬರುವುದಕ್ಕೂ ಅಜಗಜ ವ್ಯತ್ಯಾಸ ಬಂದದ್ದು ಹೀಗೆ.

ಮೂರು ನೋ ಟ್ರಂಪ್. ಡಮ್ಮಿಯಲ್ಲಿ ಕ್ಲಾವರ್ ಎಕ್ಕ-ರಾಜ-ರಾಣಿ-5-4-2, ಬೇರೆ ಏನೂ ಗೆಲ್ಲುವ ಎಲೆ ಇಲ್ಲ. ನಿಮ್ಮಲ್ಲಿ ಕ್ಲಾವರ್ 7-3, ಮಿಕ್ಕ ಮೂರು ಬಣ್ಣದಲ್ಲಿ ಸೇರಿ ನಾಲ್ಕು ಖಚಿತ ಟ್ರಿಕ್, ಎಲ್ಲದಕ್ಕೂ ತಡೆ ಇದೆ. ಕ್ಲಾವರಿನಲ್ಲಿ ಐದು ಬೇಕು.

ಒಂದು ದಾರಿ, ಮೇಲಿಂದ ಎಳೆಯುವುದು. 3-2 ಆಗಿದ್ದರೆ ಆರೂ ಬರುತ್ತವೆ, ಒಟ್ಟು ಹತ್ತು. 4-1 ಆಗಿದ್ದರೆ ಮೂರು ಬಂದು ನಿಲ್ಲುತ್ತದೆ. ನಾಲ್ಕನೆಯದನ್ನು ಕೊಟ್ಟು ಮಿಕ್ಕವನ್ನು ಎಬ್ಬಿಸಿದರೂ ಡಮ್ಮಿಗೆ ಹೋಗಲು ದಾರಿ ಇಲ್ಲ. ಇನ್ನೊಂದು ದಾರಿ, ಮೊದಲ ಸುತ್ತಿನಲ್ಲೇ ಎರಡೂ ಕಡೆ ಸಣ್ಣದು ಹಾಕಿ ಬಿಟ್ಟುಕೊಡುವುದು. ಕೈಯಲ್ಲಿ ಇನ್ನೊಂದು ಕ್ಲಾವರ್ ಉಳಿದಿರುತ್ತದೆ, ಅದರಲ್ಲಿ ಡಮ್ಮಿಗೆ ಹೋಗಿ ಐದು ತೆಗೆಯಬಹುದು. 3-2 ಆದರೂ ಐದು, 4-1 ಆದರೂ ಐದು. ಶೇ 96.

ತಂಡದ ಆಟದಲ್ಲಿ ಇದು ಪ್ರಶ್ನೆಯೇ ಅಲ್ಲ. ಜಾಸ್ತಿ ಬರುವ ಒಂದು ಟ್ರಿಕ್ಕಿಗೆ 30 ಅಂಕ, ಅಂದರೆ 1 ಇಂಪ್ (ತಂಡದ ಆಟದಲ್ಲಿ ಅಂಕದ ವ್ಯತ್ಯಾಸ ಅಳೆಯುವ ಮಾಪು). ಕಾಂಟ್ರಾಕ್ಟ್ ಬಿದ್ದರೆ ವಲ್ನರಬಲ್ ಇಲ್ಲದಾಗ 400 ಬರಬೇಕಾದಲ್ಲಿ 50 ಕೊಡಬೇಕು, 450ರ ವ್ಯತ್ಯಾಸ, 10 ಇಂಪ್. ವಲ್ನರಬಲ್ ಆಗಿದ್ದರೆ 700ರ ವ್ಯತ್ಯಾಸ, 12 ಇಂಪ್. 68 ಸಲ ಒಂದೊಂದು ಇಂಪ್ ಆರಿಸಿಕೊಂಡು 28 ಸಲ ಹತ್ತು ಹತ್ತು ಕಳೆಯುವವರು ಯಾರು?

ಜೋಡಿ ಆಟದಲ್ಲಿ ಅದೇ ಕೈ ತಿರುಗುತ್ತದೆ. ಅಲ್ಲಿ ಎಷ್ಟು ಅಂತರದಿಂದ ಸೋತಿರಿ ಅನ್ನುವುದು ಮುಖ್ಯವಲ್ಲ, ಬೇರೆ ಮೇಜಿನವರಿಗಿಂತ ಮೇಲಿದ್ದೀರಾ ಅನ್ನುವುದಷ್ಟೇ. ಎಲ್ಲರೂ ಮೂರು ನೋ ಟ್ರಂಪಿನಲ್ಲೇ ಇದ್ದರೆ 68 ಸಲ ಹತ್ತು ಟ್ರಿಕ್ ಮಾಡಿದವರು ಮೇಲೆ, ಒಂಬತ್ತು ಮಾಡಿ ಜಾಗರೂಕತೆ ತೋರಿದವರು ಕೆಳಗೆ. ಹಾಗಾಗಿ ಅಲ್ಲಿ ಮೇಲಿಂದ ಎಳೆಯುವುದೇ ಸರಿ. ನಿಮ್ಮದು ಬೇರೆಯವರು ಮುಟ್ಟದ ಒಳ್ಳೆಯ ಕಾಂಟ್ರಾಕ್ಟ್ ಅನ್ನಿಸಿದರೆ ಮಾತ್ರ ಜೋಡಿ ಆಟದಲ್ಲೂ ಬಿಟ್ಟುಕೊಟ್ಟು ಆಡಿ. ಹೋಟೆಲ್ ಮಾಮನಿಗೆ ಇದು ಕೊನೆಗೂ ಇಷ್ಟವಾಗಿಲ್ಲ. ‘ಮುಳುಗುವ ಆಟ ಸರಿ ಅಂತ ಹೇಳೋ ಲೆಕ್ಕ ಎಂಥದ್ದು ಮಾರಾಯ್ರೆ’ ಅನ್ನುತ್ತಾರೆ. ಅವರು ತಂಡದ ಆಟಕ್ಕೇ ಹುಟ್ಟಿದವರು.

ದುಡ್ಡು ಕೊಡದೆ ಸಿಗುವ ವಿಮೆ

ಕೊನೆಗೆ ಒಂದು ಸಣ್ಣದು. ಇದರಲ್ಲಿ ಹೋಲಿಕೆಯೇ ಬೇಡ, ಒಂದು ದಾರಿ ಎಲ್ಲ ವೇಳೆಯಲ್ಲೂ ಮೇಲು. ಡಮ್ಮಿಯಲ್ಲಿ ರಾಜ-10-6-4, ಕೈಯಲ್ಲಿ ಎಕ್ಕ-ರಾಣಿ-9-5-2. ಹೊರಗೆ ಗುಲಾಮ-8-7-3. 2-2, 3-1 ಏನೇ ಆದರೂ ಐದೂ ನಿಮ್ಮವೇ. ತೊಂದರೆ 4-0 ಆದಾಗ ಮಾತ್ರ, ಅದು ಶೇ 9.6.

ಅವಸರದಲ್ಲಿ ಡಮ್ಮಿಯ ರಾಜ ಎಳೆದರೆ, ನಾಲ್ಕೂ ಎಡಗಡೆ ಇದ್ದರೆ ಗುಲಾಮ ಕೈ ತಪ್ಪಿದ. ಡಮ್ಮಿಯಲ್ಲಿ ಬರೀ 10 ಉಳಿದು ಫಿನೆಸ್ ಮಾಡಲು ಏನೂ ಇರುವುದಿಲ್ಲ. ಬದಲಿಗೆ ಕೈಯ ಎಕ್ಕ ಮೊದಲು ಎಳೆಯಿರಿ. ಆಗ ಡಮ್ಮಿಯಲ್ಲಿ ರಾಜ-10, ಕೈಯಲ್ಲಿ ರಾಣಿ-9 ಉಳಿಯುತ್ತದೆ. ಗುಲಾಮ ಎಡಗಡೆ ಇದ್ದರೆ ಡಮ್ಮಿಯ ಕಡೆ ಹಿಡಿಯುತ್ತೀರಿ, ಬಲಗಡೆ ಇದ್ದರೆ ಕೈಯ ಕಡೆ. ಎರಡು ದೊಡ್ಡ ಎಲೆ ಇರುವ ಕೈಯಿಂದ ಮೊದಲು ಒಂದು ತೆಗೆಯಿರಿ, ಅಷ್ಟೇ.

ಹೋದ ಭಾನುವಾರ ಟೀಚರ್ ಇದೇ ಬಣ್ಣದಲ್ಲಿ ಡಮ್ಮಿಯ ರಾಜನ ಮೇಲೆ ಬೆರಳಿಟ್ಟು, ನಿಂತು, ತೆಗೆದು, ಕೈಯ ಎಕ್ಕ ಇಳಿಸಿದರು. ಇಬ್ಬರೂ ಎದುರಾಳಿಗಳು ಬಣ್ಣ ಹಾಕಿದರು, 2-2 ಇತ್ತು. ರಾಜ ಎಳೆದಿದ್ದರೂ ನಡೆಯುತ್ತಿತ್ತು. ಆದರೂ ಬ್ಯಾಂಕಿನವರು ಕನ್ನಡಕದ ಮೇಲಿಂದ ಅವರನ್ನು ನೋಡಿ ತಲೆಯಾಡಿಸಿದರು, ಅಷ್ಟರಲ್ಲಿ ಮಾಮ ಮುಂದಿನ ಕೈ ಹಂಚಲು ಶುರು ಮಾಡಿದ್ದರು.